ಮಿಶನ್ ಗರಗಸದ ತೂಕ

ಹೋದ ವಾರ ನಾವೆಲ್ಲ ನ್ಯಾಮತಿಗೆ ಹೋಗಿದ್ದಾಗ ಬಸ್ ನಿಲ್ದಾಣದ ಹತ್ತಿರ ರಸ್ತೆ ಅಗಲ ಮಾಡಲು ಒಂದು ದೊಡ್ಡ ಬಾಗೆಮರ ಕೊಯ್ಯುತ್ತಿದ್ದರು. ನೀವಿಬ್ಬರೂ ಕಬ್ಬಿನ ಹಾಲು ಕುಡಿಯುತ್ತ ನಿಂತಿದ್ದಿರಿ. ನಾನು ಬೇಡ ಎಂದೆ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಸುಟ್ಟ ಹೊಗೆ, ಅದರೊಳಗೆ ಹಸಿ ಮರದ ಪುಡಿಯ ವಾಸನೆ, ಎರಡೂ ಸೇರಿ ಮೂಗಿಗೆ ಬಡಿದವು. ಎಷ್ಟೋ ವರ್ಷದಿಂದ ಸುಮ್ಮನಿದ್ದ ನನ್ನ ಮೊಣಕೈಗಳು ಆ ವಾಸನೆಗೆ ಜುಮ್ಮೆಂದವು.

ಚೇತು, ನೀನು ಫೋನಿನಲ್ಲಿ ಏನೋ ಒತ್ತಿ ನೋಡಿ ಹೇಳಿದೆ: "ಅಜ್ಜಿ, ಆ ಗರಗಸ ಬರೀ ನಾಲ್ಕೂವರೆ ಕೆಜಿ ಅಂತೆ. ಯಾರು ಬೇಕಾದ್ರೂ ಎತ್ತಬಹುದು." ಪಲ್ಲವಿ ನನ್ನ ಕಡೆ ನೋಡಿ, "ಅಜ್ಜಿ ಎತ್ತೋಕಾಗಲ್ಲ ಬಿಡು" ಎಂದು ನಕ್ಕಳು. ನಾನೂ ನಕ್ಕೆ. ನಾಲ್ಕು ಜನರ ನಡುವೆ ಮಾತಾಡುವುದು ನನಗೆ ಚಿಕ್ಕ ವಯಸ್ಸಿನಲ್ಲೂ ಬರುತ್ತಿರಲಿಲ್ಲ, ಈಗಲೂ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯ ತರಗತಿವರೆಗೆ ಕಲಿತ ಅಕ್ಷರ ಮಾತ್ರ ಇನ್ನೂ ಕೈಯಲ್ಲಿದೆ. ಅದಕ್ಕೇ ಬರೆಯುತ್ತಿದ್ದೇನೆ. ಮಿಶನ್ ಗರಗಸ ಎಷ್ಟು ಭಾರ ಎಂದು ನನಗೆ ಯಾರೂ ಓದಿ ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕ ಮುಗಿದು ಎಂಬತ್ತರದು ಶುರುವಾಗಿತ್ತು. ಹೊನ್ನಾಳಿ ತಾಲ್ಲೂಕಿನ ಈ ಊರಿನಲ್ಲಿಯೇ, ಭದ್ರಾ ನಾಲೆಯ ದಂಡೆಗೆ ಬೆನ್ನು ಹಾಕಿದ ಈ ಮನೆಯಲ್ಲಿಯೇ ಇದ್ದೆವು. ಆ ಚಳಿಗಾಲದಲ್ಲಿ ನಿಮ್ಮ ತಾತ ಕಾಮಾಲೆಯಲ್ಲಿ ತೀರಿಕೊಂಡರು. ನನಗೆ ಇಪ್ಪತ್ತಾರೋ ಇಪ್ಪತ್ತೇಳೋ. ನಿಮ್ಮ ಅಮ್ಮ ಅಂಗಳದಲ್ಲಿ ಓಡಾಡುತ್ತಿದ್ದಳು, ನಿಮ್ಮ ಚಿಕ್ಕಮ್ಮ ಇನ್ನೂ ಅಂಬೆಗಾಲಿಡುತ್ತಿದ್ದಳು.

ತಾತ ಮರ ಕೊಯ್ಯುವವರು. ಮೊದಲು ನಮ್ಮೂರಿನ ಖಾದರ್ ಸಾಬರ ಜೊತೆ ಇಬ್ಬರು ಎಳೆಯುವ ಉದ್ದ ಗರಗಸದಲ್ಲಿ ಕೊಯ್ಯುತ್ತಿದ್ದರು. ಆಮೇಲೆ ಮರದ ಗುತ್ತಿಗೆದಾರರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದರು. ಆ ಗುತ್ತಿಗೆದಾರರು ಕಸುಬು ಬಿಟ್ಟು ಹೋಗುವಾಗ, ನಂಬಿಕೆಯ ಆಳು ಎಂದು ಹೊರದೇಶದ ಹಳೆಯ ಮಿಶನ್ ಒಂದನ್ನು ತಾತನ ಕೈಗಿಟ್ಟರು. ಸುತ್ತಮುತ್ತಲಿನ ಹಳ್ಳಿಗಳಲ್ಲಿ ಆಗ ಅಂಥದ್ದು ಇನ್ನೊಂದಿರಲಿಲ್ಲ. ತಾತ ಸಂಜೆ ಅದನ್ನು ತಂದು ಜಗಲಿಯ ಮೇಲಿಟ್ಟರೆ ಮುಂದಿನ ಕೆಲಸ ನನ್ನದು. ಗಾಳಿ ಜಾಲರಿಯನ್ನು ಪೆಟ್ರೋಲಿನಲ್ಲಿ ಅದ್ದಿ ಹಳೇ ಪಂಚೆಯ ಚೂರಿನಿಂದ ಒರೆಸುವುದು, ಸರಪಳಿಯ ಒಂದೊಂದು ಹಲ್ಲಿಗೂ ದುಂಡನೆಯ ಅರ ಹಾಕಿ ಹರಿತ ಮಾಡುವುದು. ಸ್ಟಾರ್ಟ್ ಮಾಡಿ ಕಿವಿಗೊಟ್ಟು ನೋಡುವುದನ್ನೂ ಕಲಿತಿದ್ದೆ. ಅದರ ಸದ್ದಿಗೆ ನಿಮ್ಮ ಅಮ್ಮ ಅಳುತ್ತ ಹೋಗಿ ರಾಗಿ ತುಂಬಿಡುವ ಮಣ್ಣಿನ ವಾಡೆಯ ಹಿಂದೆ ಅಡಗುತ್ತಿದ್ದಳು. ಆದರೆ ಒಂದು ಕಡ್ಡಿಯನ್ನೂ ನಾನು ಅದರಿಂದ ಕೊಯ್ದಿರಲಿಲ್ಲ.

ತಾತ ಹೋದ ಮೇಲೆ ಅದು ಕೋಣೆಯ ಮೂಲೆಯಲ್ಲಿ ಗೋಣಿಚೀಲ ಹೊದ್ದುಕೊಂಡು ಕುಳಿತಿತ್ತು, ನನ್ನ ಹಾಗೆಯೇ. ವರ್ಷ ತುಂಬುವ ತನಕ ನಾನು ಇನ್ನೊಬ್ಬರ ಹೊಸ್ತಿಲು ತುಳಿಯುವಂತಿರಲಿಲ್ಲ. ಯಾರಾದರೂ ಕೆಲಸಕ್ಕೆ ಹೊರಟರೆ ಎದುರು ಬರುವಂತಿರಲಿಲ್ಲ.

ತಾತನ ಅಣ್ಣ, ನಮ್ಮ ಭಾವ ಹಾಲಪ್ಪ, ಬೇಸಿಗೆ ಶುರುವಾಗುವ ಹೊತ್ತಿಗೆ ಎಲ್ಲವನ್ನೂ ತೀರ್ಮಾನ ಮಾಡಿಬಿಟ್ಟಿದ್ದರು. ಒಂದು ಮಧ್ಯಾಹ್ನ ಊಟ ಮುಗಿಸಿ, ಕೈ ತೊಳೆದು, ಕಂಬದ ಮರೆಯಲ್ಲಿ ನಿಂತಿದ್ದ ನನಗೆ ಕೇಳುವ ಹಾಗೆ ಅತ್ತೆಗೆ ಹೇಳಿದರು:

"ಅವ್ವಾ, ಚನ್ನಗಿರಿ ಮಂಡಿಗೆ ಕೆರೆಬಿಳಚಿ ಕಡೇ ತೋಟದೋರು ಒಬ್ರು ಬರ್ತಾರೆ. ಮಿಶನ್ ತಗೋತಾರಂತೆ. ಅದನ್ನ ಕೊಟ್ಟು, ಗಿರಿಜನ್ನೂ ಮಕ್ಕಳನ್ನೂ ಬಿಳಿಚೋಡಿಗೆ ಬಿಟ್ಟು ಬರ್ತೀನಿ. ಅಣ್ಣಂದಿರು ಅದಾರೆ, ನೋಡ್ಕೋತಾರೆ."

ಬಿಳಿಚೋಡು ನನ್ನ ತವರು, ಜಗಳೂರು ತಾಲ್ಲೂಕು. ನನ್ನ ಅಣ್ಣಂದಿರು ಕುರಿ ಸಾಕುವವರು, ಕೆಟ್ಟವರಲ್ಲ. ಹೋಗಿದ್ದರೆ ಅನ್ನ ಹಾಕುತ್ತಿದ್ದರು. ಆದರೆ ಗಂಡ ಸತ್ತು ಮರಳಿ ಬಂದ ಸೋದರತ್ತೆಯೊಬ್ಬಳನ್ನು ಆ ಮನೆಯಲ್ಲೇ ನೋಡಿದ್ದೆ. ಎಲ್ಲರೂ ಉಂಡ ಮೇಲೆ ಉಣ್ಣುವಳು. ಹಬ್ಬದ ದಿನ ಕುರಿ ಹಟ್ಟಿಯ ಹಿಂದೆ ಹೋಗಿ ಕೂರುವಳು. ಅವಳ ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ನನ್ನ ಹೆಣ್ಣುಮಕ್ಕಳು ನನ್ನನ್ನು ಹಾಗೆ ನೋಡಿಕೊಂಡು ಬೆಳೆಯಬಾರದು ಎಂದು ಆವತ್ತು ಕಂಬ ಹಿಡಿದು ನಿಂತಾಗಲೇ ನನ್ನೊಳಗೆ ಗಟ್ಟಿಯಾಯಿತು. ಬಾಯಿ ಮಾತ್ರ ತೆರೆಯಲಿಲ್ಲ.

ಚನ್ನಗಿರಿಗೆ ನಾನೂ ಹೋಗಬೇಕಾಯಿತು. ಕೊಳ್ಳುವವರು ಮಿಶನ್ ಓಡುವುದನ್ನು ನೋಡದೆ ಕೊಳ್ಳುತ್ತಾರೆಯೇ? ಅದನ್ನು ಸ್ಟಾರ್ಟ್ ಮಾಡಲು ಮನೆಯಲ್ಲಿ ಬರುತ್ತಿದ್ದದ್ದು ನನಗೊಬ್ಬಳಿಗೇ. ಭಾವ ಅದನ್ನು ಮುಟ್ಟುತ್ತಲೂ ಇರಲಿಲ್ಲ, ಅದರ ಹೊಗೆಯಿಂದಲೇ ಕಾಮಾಲೆ ಬಂತೆಂದು "ತಮ್ಮನ ಉಸಿರು ತಿಂದದ್ದು" ಎನ್ನುತ್ತಿದ್ದರು. ಪೆಟ್ರೋಲನ್ನು ಡಬ್ಬಿಗೆ ಸುರಿದು, ಸರಪಳಿಯನ್ನೂ ಅದು ಓಡುವ ಉದ್ದನೆಯ ಪಟ್ಟಿಯನ್ನೂ ಬಿಚ್ಚಿ ಬೇರೆ ಗಂಟು ಕಟ್ಟಿ, ಮಿಶನ್ನನ್ನು ಗೋಣಿಚೀಲದಲ್ಲಿ ಹಾಕಿ ತಲೆಯ ಮೇಲಿಟ್ಟುಕೊಂಡು ಬಸ್ ಹತ್ತಿದೆ. ಬೆಳಗಿನ ಮೊದಲ ಬಸ್ಸು, ಸೆರಗು ಮುಖದ ತನಕ ಎಳೆದುಕೊಂಡಿದ್ದೆ.

ಮಂಡಿಯಲ್ಲಿ ಅಡಿಕೆ ರಾಶಿಯ ಒಗರು ವಾಸನೆ. ತೋಟದವರು ಬಿಳಿ ಅಂಗಿ ಹಾಕಿಕೊಂಡು ಕುರ್ಚಿಯಲ್ಲಿದ್ದರು. ಮೊದಲ ಪ್ರಶ್ನೆಯೇ ತೂಕದ್ದು.

"ಎಷ್ಟು ಭಾರ ಐತ್ರಿ ಇದು? ನಮ್ಮ ಆಳು ಹಿಡ್ಕಂಡು ದಿನಾ ಕೊಯ್ಬೇಕಲ್ಲ."

"ತೂಗೇ ನೋಡ್ಬಿಡಿ" ಎಂದರು ಭಾವ.

ತೂಗುವ ಹಮಾಲಿ ಚೀಲ ಸಮೇತ ಎತ್ತಿ ತಕ್ಕಡಿಗೆ ಹಾಕಿದ. ತೂಕದ ಬಟ್ಟು ಸರಿಸಿ, ದಿನವಿಡೀ ಅಡಿಕೆ ತೂಗಿದ ಅಭ್ಯಾಸ ನೋಡಿ, ಮೊದಲು ಚೀಲದ ತೂಕ ಕಳೆದ. ಆಮೇಲೆ, ಅಡಿಕೆಯ ತೇವಕ್ಕೆ ತೂಕ ಬಿಡುವ ಹಾಗೆ, ಗಂಭೀರವಾಗಿ, "ಹಸಿ ಅಂತ ಇನ್ನೊಂಚೂರು ಬಿಟ್ಟೀನಿ" ಎಂದ.

"ಕಬ್ಬಿಣಕ್ಕೆ ಎಂಥ ಹಸಿನೋ ಮಾರಾಯ!" ಎಂದು ಪಕ್ಕದ ರಾಶಿಯವನು ಕೂಗಿದ.

"ಚನ್ನಗಿರಿ ಮಂಡೀಲಿ ದೇವರನ್ನ ತಂದು ತೂಗಿದ್ರೂ ಹಸಿ ಬಿಡಬೇಕಣ್ಣ, ಕಾನೂನು" ಎಂದ ಹಮಾಲಿ. ಎಲ್ಲರೂ ನಕ್ಕರು. "ಎಂಟು ಕೆಜಿಗೆ ಒಂಚೂರು ಕಮ್ಮಿ."

ಎಂಟು ಕೆಜಿ! ನಾನು ಸೆರಗಿನೊಳಗೇ ಬೆರಗಾದೆ. ದಿನಾ ಬೆಳಿಗ್ಗೆ ನಾಲೆಯಿಂದ ಹೊತ್ತು ತರುವ ತಾಮ್ರದ ಕೊಡ ಅದಕ್ಕಿಂತ ಭಾರ. ಅದೂ ಒಂದು ಸೊಂಟದಲ್ಲಿ ಕೊಡ, ಇನ್ನೊಂದರಲ್ಲಿ ನಿಮ್ಮ ಚಿಕ್ಕಮ್ಮ. ನಮ್ಮ ಮನೆಯಲ್ಲಿ ಎಲ್ಲರೂ ಅಷ್ಟೊಂದು ಹೆದರಿಸಿದ ವಸ್ತು ಇದೇನಾ?

ತೋಟದವರು ತಲೆಯಾಡಿಸಿದರು. "ಆಯ್ತು. ಓಡ್ಸಿ ತೋರ್ಸಿ."

ನಾನು ಪಟ್ಟಿ ಸರಪಳಿ ಕೂಡಿಸಿ, ಡಬ್ಬಿಯಲ್ಲಿದ್ದ ಪೆಟ್ರೋಲ್ ಹಾಕಿ, ಮಿಶನ್ನಿನ ಹಿಂದಿನ ಹಿಡಿಕೆಯನ್ನು ಕಾಲಿನಿಂದ ಒತ್ತಿ ಹಿಡಿದು ಹಗ್ಗ ಎಳೆದೆ. ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ಮಂಡಿಯ ಪಾರಿವಾಳಗಳೆಲ್ಲ ಹಾರಿದವು. ಅಷ್ಟು ಗಂಡಸರು ನನ್ನನ್ನೇ ನೋಡುತ್ತಿದ್ದರು. ಆಫ್ ಮಾಡಿದಾಗ ಆದ ಮೌನದಲ್ಲಿ ಭಾವ ಹೇಳಿದರು, "ನೋಡಿದ್ರಲ್ಲ. ತಮ್ಮ ಇದ್ದ, ನಡೀತು. ಹೆಣ್ಣುಮಕ್ಕಳು ಎತ್ತೋ ಸಾಮಾನಲ್ಲ ಇದು, ಅದಕ್ಕೇ ಕೊಡ್ತಾ ಇದೀವಿ."

"ಕೊಡಕ್ಕಿಂತ ಹಗುರ ಐತಲ್ರೀ" ಎಂದೆ.

ನಾನೇ ಹೇಳಿದೆನೆ ಎಂದು ನನಗೇ ಅನುಮಾನ. ಧ್ವನಿ ಎಷ್ಟು ಸಣ್ಣದಿತ್ತೆಂದರೆ ಭಾವ "ಏನಂದೆ?" ಎಂದು ತಿರುಗಿದರು.

"ಈಗ ತೂಗಿದ್ರಲ್ಲ. ನೀರಿನ ಕೊಡಕ್ಕಿಂತ ಹಗುರ. ಇದು ಮಾರಾಕಿಲ್ಲ."

"ಅಯ್ಯೋ ಶಿವನೇ, ಸಂತೆಯಾಗೆ ಮರ್ಯಾದೆ ಕಳೀಬ್ಯಾಡ" ಎಂದರು ಭಾವ. ಹಮಾಲಿ ಬಾಯಿ ಬಿಟ್ಟುಕೊಂಡು ನಿಂತಿದ್ದ. ತೋಟದವರು ಕುರ್ಚಿಯಿಂದ ಎದ್ದು, "ಮನೇಲಿ ಮಾತಾಡ್ಕಂಡು ಬರ್ರಿ ಹಾಲಪ್ಪಾರೆ" ಎಂದು ಹೊರಟೇಹೋದರು. ನಾನು ಮಿಶನ್ನನ್ನು ಮತ್ತೆ ಚೀಲಕ್ಕೆ ಹಾಕಿ ತಲೆಯ ಮೇಲಿಟ್ಟುಕೊಂಡೆ. ಬಸ್ಸಿನಲ್ಲಿ ಭಾವ ನನಗಿಂತ ಬಹಳ ಮುಂದಿನ ಸೀಟಿನಲ್ಲಿ ಕುಳಿತರು. ದಾರಿಯುದ್ದಕ್ಕೂ ಅವರ ಹಿಂದಲೆ ಒಂದನ್ನೇ ನೋಡುತ್ತ ಬಂದೆ.

ಮಾತು ಬಿಟ್ಟ ಮನೆಯಲ್ಲಿ ಬೇಸಿಗೆ ಕಳೆಯುವುದು ಕಷ್ಟ. ರೋಹಿಣಿ ಮಳೆ ಹತ್ತಿರ ಬರುವಾಗ ಒಂದು ಸಂಜೆ ಬಡಗಣ ದಿಕ್ಕಿನಿಂದ ಕೆಂಪು ಧೂಳಿನ ಗೋಡೆಯಂಥ ಗಾಳಿ ಎದ್ದಿತು. ಹೆಂಚು ಹಾರಿದವು, ಒಣಹುಲ್ಲಿನ ಬಣವೆ ಕುಸಿಯಿತು. ಗಾಳಿ ನಿಂತ ಮೇಲೆ ನಾಲೆಯ ಕಡೆಯಿಂದ ಕೂಗು ಕೇಳಿತು. ದಂಡೆಯ ಮೇಲಿದ್ದ ಹಳೆಯ ಹುಣಸೆಮರ ಬುಡಸಮೇತ ಕಿತ್ತು, ಈ ದಂಡೆಯಿಂದ ಆ ದಂಡೆಗೆ ಅಡ್ಡ ಬಿದ್ದಿತ್ತು. ದಪ್ಪ ಕಾಂಡದ ಬೊಡ್ಡೆ ಎರಡೂ ದಂಡೆಗಳ ಮೇಲೆ ಸೇತುವೆಯ ಹಾಗೆ ನಿಂತಿದೆ, ಕೊಂಬೆಗಳು ಒಣಗಿದ ನಾಲೆಯ ತುಂಬ ಮುರಿದುಕೊಂಡು ಮಲಗಿವೆ. ಸ್ವಲ್ಪ ದಿನದಲ್ಲೇ ಮುಂಗಾರು ಬೆಳೆಗೆ ನೀರು ಬಿಡುತ್ತಾರೆ. ಆ ರಾಶಿಗೆ ಕಸ ಕಟ್ಟಿಕೊಂಡರೆ ದಂಡೆ ಒಡೆದು ನೀರು ಊರಿಗೇ ನುಗ್ಗುತ್ತದೆ, ಕೆಳಗಿನ ಗದ್ದೆಗೆ ಹನಿಯೂ ಸೇರುವುದಿಲ್ಲ. ಕೈಗರಗಸದವರನ್ನು ಕರೆಯಲು ಹೋದರೆ, ಎಲ್ಲ ಊರಿನಲ್ಲೂ ಮರ ಬಿದ್ದಿವೆ, ಯಾರೂ ಸಿಗಲಿಲ್ಲ.

ಊರವರು ಸೇರಿ ನಮ್ಮ ಜಗಲಿಗೇ ಬಂದರು. ಮಿಶನ್ ಇರುವುದು ನಮ್ಮ ಮನೆಯಲ್ಲಿ, ಅಲ್ಲವೇ? ಭಾವ ನನ್ನ ಕಡೆ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದರು:

"ಮಿಶನ್ ಐತೆ. ಕೊಡಕ್ಕಿಂತ ಹಗುರ ಅಂತ ಮಂಡೀಲಿ ನಿಂತು ಹೇಳಿದೋರೂ ಅದಾರೆ. ಕೊಯ್ಲಿ. ನೀರು ಬರೋ ಹೊತ್ತಿಗೆ ನಾಲೆ ತೆರವು ಮಾಡಿದ್ರೆ ಮಿಶನ್ನೂ ಅವಳದು, ತಮ್ಮನ ಪಾಲಿನ ಮನೇನೂ ಅವಳದು, ನಾನು ಮಾತೆತ್ತಲ್ಲ. ಆಗ್ಲಿಲ್ಲ ಅಂದ್ರೆ ಮಿಶನ್ ಚನ್ನಗಿರಿಗೆ, ಅವಳು ಬಿಳಿಚೋಡಿಗೆ."

"ಹಾಲಪ್ಪ, ವರ್ಷ ತುಂಬಿಲ್ಲ ಆ ಹುಡುಗಿಗೆ" ಎಂದರು ಯಾರೋ.

ನಾನು ಕಂಬದ ಮರೆಯಿಂದಲೇ ಹೇಳಿದೆ. "ಕೊಯ್ತೀನಿ."

ನಮ್ಮ ಕಡೆ ಮರ ಕಡಿಯುವ ಮುನ್ನಾ ದಿನ ಸಂಜೆ ಮರದ ಅಪ್ಪಣೆ ಕೇಳುವ ಪದ್ಧತಿ ಇತ್ತು. ಕೊಯ್ಯುವವನು ತನ್ನ ಹತಾರವನ್ನು ಬುಡದಲ್ಲಿಟ್ಟು, ಅರಿಸಿನ ಕುಂಕುಮ ಹಚ್ಚಿ, ಎಲೆ ಅಡಿಕೆ ಇಟ್ಟು ಕೈಮುಗಿದು ಬರಬೇಕು. ಬಿದ್ದ ಮರಕ್ಕೆ ಅದು ಬೇಕೋ ಬೇಡವೋ ಎಂದು ದೊಡ್ಡ ಚರ್ಚೆಯಾಯಿತು. ಹುಣಸೆಮರ ಬೇರೆ, ಕೇಳದೆ ಮುಟ್ಟಿದರೆ ಗಾಳಿ ಸೋಕುತ್ತದೆ, ನಾವು ಹತ್ತಿರ ಬರುವುದಿಲ್ಲ ಎಂದರು ಗಂಡಸರು. ಸರಿ, ಕೇಳುವವರು ಯಾರು? ನಾನು ಕುಂಕುಮ ಮುಟ್ಟುವಂತಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಸಂಜೆ ನಾನೇ ಮಿಶನ್ ಹೊತ್ತುಕೊಂಡು ಹೋಗಿ ಕಿತ್ತ ಬೇರಿನ ಹತ್ತಿರ ಇಟ್ಟೆ. ವಿಭೂತಿ ನನ್ನ ಹತ್ತಿರ ಇತ್ತು, ಅದನ್ನು ನನ್ನಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಅದನ್ನೇ ಮರಕ್ಕೂ ಮಿಶನ್ನಿಗೂ ಮೂರು ಬೆರಳಿನಲ್ಲಿ ಬಳಿದೆ.

ಮರುದಿನ ಬೆಳಿಗ್ಗೆ ತಾತನ ಖಾಕಿ ಅಂಗಿಯನ್ನು ಕುಪ್ಪಸದ ಮೇಲೆ ಹಾಕಿಕೊಂಡೆ. ಸೀರೆಯನ್ನು ಗದ್ದೆ ನಾಟಿಗೆ ಹೋಗುವಾಗ ಕಟ್ಟುವ ಹಾಗೆ ಮೊಣಕಾಲಿಗೆ ಎತ್ತಿ ಕಚ್ಚೆ ಬಿಗಿದೆ, ಸೆರಗನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿದೆ. ಬೀದಿಯಲ್ಲಿ ಆ ಅಂಗಿ ಹಾಕಿಕೊಂಡು ನಡೆದದ್ದಿದೆಯಲ್ಲ, ಆ ವರ್ಷ ನಾನು ಮಾಡಿದ ಕೆಲಸಗಳಲ್ಲಿ ಅದೇ ಎಲ್ಲಕ್ಕಿಂತ ಕಷ್ಟದ್ದು.

ದಂಡೆಯ ಮೇಲೆ ಖಾದರ್ ಸಾಬರು ಆಗಲೇ ಕುಳಿತಿದ್ದರು. ಪಕ್ಕದಲ್ಲಿ ಜಾಲಿಮರದ ಬೆಣೆಗಳ ಗಂಟು, ಅವನ್ನು ಬಡಿಯಲು ಒಂದು ಮರದ ಕೊಡತಿ. ಹರ್ನಿಯಾ ಆಗಿ ಅವರು ಭಾರ ಎತ್ತುವುದನ್ನು ಬಿಟ್ಟಿದ್ದರು.

"ಮಿಶನ್ ನಾನು ಮುಟ್ಟಾಕಿಲ್ಲ ಬೇಟಿ. ಮುಟ್ಟಿದ್ರೆ ಹಾಲಪ್ಪ, ಸಾಬ್ರು ಕೊಯ್ದರು ಅಂತಾನೆ. ಬೆಣೆ ಹೊಡೀತೀನಿ. ಹಿಂಗೆ ಕೊಯ್ಯಿ ಅಂತ ಬಾಯಿ ನಡೆಸ್ತೀನಿ. ಅಷ್ಟೇ ನನ್ನ ಕೈಲಿ ಆಗಾದು."

ಮಂಡಿಯ ತಕ್ಕಡಿಯನ್ನು ನಂಬಿಕೊಂಡು ನಾನು ಕೆಲಸಕ್ಕೆ ಇಳಿದೆ. ಕೊಡ ಎತ್ತುವವಳಿಗೆ ಇದೇನು ಮಹಾ ಎಂದು ಕೊಂಬೆಗಳನ್ನು ಒಂದೊಂದಾಗಿ ಕೊಯ್ಯುತ್ತ ಹೋದೆ. ಹೊತ್ತು ನೆತ್ತಿಗೆ ಬರುವ ಮೊದಲೇ ಗೊತ್ತಾಯಿತು, ಇದು ಮಂಡಿಯಲ್ಲಿ ತೂಗಿದ ಮಿಶನ್ ಅಲ್ಲ.

ಅಲ್ಲಿ ತೂಗಿದ್ದು ಪಟ್ಟಿಯಿಲ್ಲದ್ದನ್ನು, ಸರಪಳಿಯಿಲ್ಲದ್ದನ್ನು, ಹೊಟ್ಟೆ ಖಾಲಿ ಇದ್ದದ್ದನ್ನು. ಮೇಲೆ ಹಸಿ ಎಂದು ಬೇರೆ ಬಿಟ್ಟಿದ್ದ ಪುಣ್ಯಾತ್ಮ. ಪಟ್ಟಿ ಸರಪಳಿ ಕೂಡಿಸಿ, ಪೆಟ್ರೋಲ್ ತುಂಬಿ, ಸರಪಳಿಗೆ ಹನಿಸುವ ಎಣ್ಣೆ ತುಂಬಿದರೆ ಹನ್ನೊಂದು ದಾಟುತ್ತಿತ್ತು, ಆಮೇಲೊಂದು ಸಲ ಊರ ಅಂಗಡಿಯಲ್ಲಿ ತೂಗಿ ನೋಡಿದ್ದೇನೆ. ಅದೂ ಮುಖ್ಯವಲ್ಲ. ಕೊಡವನ್ನು ಸೊಂಟ ಹೊರುತ್ತದೆ. ಮಿಶನ್ನನ್ನು ಮೈಯಿಂದ ದೂರ, ತೋಳು ಚಾಚಿ ಹಿಡಿಯಬೇಕು. ಚಾಚಿದಷ್ಟೂ ಅದು ಭಾರವಾಗುತ್ತದೆ. ಕೊಡ ಅಲುಗಾಡುವುದಿಲ್ಲ, ಇದು ಮೂಳೆಯೊಳಗೆ ಹೊಕ್ಕು ನಡುಗಿಸುತ್ತದೆ. ಕೊಡವನ್ನು ಮನೆ ಮುಟ್ಟಿದ ಮೇಲೆ ಇಳಿಸಬಹುದು, ಇದನ್ನು ಇಳಿಸಿದರೆ ಮತ್ತೆ ಎತ್ತಬೇಕು. ಮಣ್ಣು ತಾಗಿ ಹಲ್ಲು ಮೊಂಡಾದರೆ ಅದು ತಾನಾಗಿ ಮರದೊಳಗೆ ಇಳಿಯದು, ಆಗ ಒತ್ತಬೇಕು, ಒತ್ತಿದಾಗ ತೂಕ ಇಮ್ಮಡಿಯಾದ ಹಾಗೆ. ಹೊತ್ತು ಇಳಿಯುತ್ತ ಬಂದಂತೆ ಪೆಟ್ರೋಲ್ ಖರ್ಚಾಗಿ ಮಿಶನ್ ಹಗುರಾಗಬೇಕಲ್ಲವೇ? ಇಲ್ಲ ಮಕ್ಕಳೇ, ಸಂಜೆಗೆ ಅದು ಬೆಳಗಿಗಿಂತ ಭಾರ. ಇದನ್ನು ಫೋನಿನಲ್ಲಿ ಬರೆದಿದ್ದಾರೋ ಇಲ್ಲವೋ ನೋಡಿ.

ಆ ಮಧ್ಯಾಹ್ನ ರೊಟ್ಟಿ ಮುರಿಯಲು ಬೆರಳು ಮಡಚಲಿಲ್ಲ. ಖಾದರ್ ಸಾಬರು ಬೇರೆ ಕಡೆ ನೋಡುತ್ತ ಹೇಳಿದರು, "ಭಾರ ನೀನ್ಯಾಕೆ ಹೊರ್ತೀಯಾ? ಮರಕ್ಕೆ ಹೊರ್ಸು. ಮಿಶನ್ ಬಾಯಿ ಹತ್ರ ಕಬ್ಬಿಣದ ಮುಳ್ಳು ಐತಲ್ಲ, ಅದನ್ನ ತೊಗಟೆಗೆ ಚುಚ್ಚಿ ಆನ್ಸು. ನೀನು ಬರೀ ಹಿಂದಿನ ಹಿಡಿಕೆ ಎತ್ತು. ನಿನ್ನ ಗಂಡ ಹಂಗೇ ಮಾಡ್ತಿದ್ದ."

ದಿನಾ ನಾನು ಒರೆಸುತ್ತಿದ್ದ ಮುಳ್ಳು ಅದು. ಅದು ಯಾಕಿದೆ ಎಂದು ಆವತ್ತು ತಿಳಿಯಿತು. ಅಲ್ಲಿಂದ ಮುಂದೆ ಕೊಂಬೆಗಳು ಸರಾಗವಾದವು. ಕೊಯ್ದ ತುಂಡುಗಳನ್ನು ಊರ ಗಂಡಸರು ಎತ್ತು ಕಟ್ಟಿ ದಂಡೆಗೆ ಎಳೆದರು. ಆಮೇಲೆ ಉಳಿದದ್ದು ಬೊಡ್ಡೆ, ಇಬ್ಬರು ತಬ್ಬಿದರೂ ಕೈ ಕೂಡದಂಥದ್ದು.

ಬೊಡ್ಡೆಯ ಹತ್ತಿರ ನಾನು ಸೋತೆ. ಮೇಲಿನಿಂದ ಕೊಯ್ಯುತ್ತ ಇಳಿದೆ. ಎರಡೂ ದಂಡೆಯ ಮೇಲೆ ಕುಳಿತ ಮರ ತನ್ನ ಭಾರಕ್ಕೇ ನಡುವೆ ಬಾಗಿ, ಕೊಯ್ದ ಬಾಯಿ ಮುಚ್ಚಿಕೊಂಡಿತು. ಪಟ್ಟಿ ಒಳಗೆ ಸಿಕ್ಕಿಕೊಂಡು ಮಿಶನ್ ಕೆಮ್ಮಿ ನಿಂತಿತು. ಎಳೆದರೆ ಬರದು. ದಂಡೆಯ ಮೇಲೆ ಯಾರೋ ಕಿಸಕ್ಕೆಂದರು.

"ಕೊಡ ಸಿಕ್ಕಾಕ್ಕಂತು!" ಎಂದ ಒಬ್ಬ.

ಭಾವ ನಗಲಿಲ್ಲ. ದಂಡೆ ಇಳಿದು ಹತ್ತಿರ ಬಂದರು. "ಸಾಕು ಗಿರಿಜಾ. ಹಟ ಬಿಡು. ತಮ್ಮ ಹೋದ, ಈ ಮರ ಜಾರಿ ನೀನೂ ಹೋದ್ರೆ ಆ ಕೂಸುಗಳಿಗೆ ಏನು ಹೇಳ್ಲಿ ನಾನು?" ಅವರ ಕಣ್ಣು ಕೆಂಪಾಗಿತ್ತು. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಖಾದರ್ ಸಾಬರು ಬೆಣೆ ಹೊಡೆದು ಬಾಯಿ ಅಗಲಿಸಿ ಪಟ್ಟಿ ಬಿಡಿಸಿಕೊಟ್ಟರು. "ಇದನ್ನ ಕೆಳಗಿಂದ ಕೊಯ್ಬೇಕು ಬೇಟಿ" ಎಂದರು ಮೆಲ್ಲಗೆ. "ಕೆಳಗಿಂದ ಅಂದ್ರೆ ಮುಳ್ಳು ಆನ್ಸಾಕೆ ಬರಲ್ಲ. ಪೂರಾ ಭಾರ ತೋಳ ಮೇಲೇ. ನಿನ್ನ ಗಂಡನೂ ಇಂಥ ಮರಕ್ಕೆ ಇನ್ನೊಬ್ಬನ್ನ ಕರ್ಕಂತಿದ್ದ."

ಸಂಜೆ ಮನೆಗೆ ಬಂದು ಗೋಡೆಗೆ ಒರಗಿದೆ. ಅತ್ತೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದು, ಏನೂ ಕೇಳದೆ ನನ್ನ ತೋಳು ತೆಗೆದುಕೊಂಡು ತೀಡತೊಡಗಿದರು. ಮಗ ಸತ್ತಾಗಿನಿಂದ ನೆಟ್ಟಗೆ ಮಾತಾಡಿರಲಿಲ್ಲ ಅವರು. ತೀಡುತ್ತಲೇ ಹೇಳಿದರು:

"ಈ ನಾಲೆ ಅಗೆಯೋವಾಗ ಮಣ್ಣಿನ ಬುಟ್ಟಿ ಹೊತ್ತೋರು ಯಾರು ಗೊತ್ತೇನೇ? ನಾವು. ಹೆಂಗಸರು. ಗಂಡಸರು ಅಗೆದು ತುಂಬೋರು, ನಾವು ದಂಡೆ ಹತ್ತಿ ಸುರಿಯೋದು. ಆಗ ಯಾವನೂ ತಕ್ಕಡಿ ತಂದು, ಬುಟ್ಟಿ ಎಷ್ಟು ಭಾರ ಐತೆ, ಹೆಣ್ಣುಮಗಳು ಎತ್ತಬೌದಾ ಅಂತ ತೂಗ್ಲಿಲ್ಲ. ಈಗ ತೂಗಾಕೆ ಬಂದಾರೆ."

ಅತ್ತೆ ನನ್ನ ಇನ್ನೊಂದು ತೋಳು ತೆಗೆದುಕೊಂಡರು.

"ನಿನ್ನ ಗಂಡ ಆಗ ಮೊಲೆ ಕುಡಿಯೋ ಕೂಸು. ಸೊಂಟದ ಮ್ಯಾಲೆ ಇಟ್ಕಂಡು ಮಣ್ಣು ಹೊರಾಕೆ ಆಗ್ತದಾ? ಇದೇ ಹುಣಸೆಮರಕ್ಕೆ ಜೋಳಿ ಕಟ್ಟಿ ಮಲಗಿಸ್ತಿದ್ದೆ. ನನ್ನ ಭಾರ ಅರ್ಧ ಆ ಮರ ಹೊತ್ತೈತೆ."

ಎಣ್ಣೆಯ ಕೈ ತೀಡುತ್ತಲೇ ಇತ್ತು. ನಾನು ಮೇಲೆ ಅಟ್ಟದ ತೊಲೆಯನ್ನು ನೋಡಿದೆ. ನಿಮ್ಮ ಚಿಕ್ಕಮ್ಮ ಮಲಗುವ ಜೋಳಿ ಅಲ್ಲಿ ತೂಗುತ್ತಿತ್ತು. ಬಟ್ಟೆಯ ಭಾರವನ್ನೂ ಕೂಸಿನ ಭಾರವನ್ನೂ ಹೊತ್ತದ್ದು ತೊಲೆ. ನಾನು ಕಾಲಿನ ಹೆಬ್ಬೆರಳಿನಿಂದ ಒಂದಿಷ್ಟು ನೂಕಿದರೆ ಸಾಕು, ಮೇಲೆ ಕೆಳಗೆ ಆಡುತ್ತದೆ.

"ಅತ್ತೇ, ಜೋಳಿ ಹಗ್ಗ ಬಿಚ್ಲಾ?" ಎಂದೆ.

ಅತ್ತೆ ಅರ್ಥ ಮಾಡಿಕೊಂಡರೋ ಇಲ್ಲವೋ ತಿಳಿಯದು. "ಕೂಸು ನನ್ನ ಮಗ್ಗುಲಾಗೆ ಮಲಗ್ತೈತೆ, ಬಿಚ್ಚು" ಎಂದರು.

ಮರುದಿನ ಮೋಡ ಕಟ್ಟಿತ್ತು. ಮೇಲಿನ ಊರಿನಿಂದ ಸುದ್ದಿ ಬಂದಿತ್ತು, ತೂಬು ಎತ್ತಿದ್ದಾರೆ, ಸಂಜೆಯೊಳಗೆ ನೀರು ನಮ್ಮ ಊರು ಮುಟ್ಟುತ್ತದೆ ಎಂದು. ನಾನು ನಾಲೆಯೊಳಗೆ ಇಳಿದು, ಜೋಳಿಯ ಹಗ್ಗವನ್ನು ಬೊಡ್ಡೆಯ ಮೇಲಿನಿಂದ ಇಳಿಬಿಟ್ಟು, ಮಿಶನ್ನಿನ ಮುಂದಿನ ಹಿಡಿಕೆಗೆ ಬಿಗಿದೆ. ಬಟ್ಟೆ ಕಟ್ಟಲಿಲ್ಲ, ಸರಪಳಿಗೆ ಬಟ್ಟೆ ಸಿಕ್ಕರೆ ಕೈಯೂ ಅದರ ಜೊತೆ ಹೋಗುತ್ತದೆ. ಹಗ್ಗವನ್ನು ಸರಪಳಿಯಿಂದ ದೂರ, ಮಗ್ಗುಲಿಗೆ ಸರಿಸಿ ಕಟ್ಟಿದೆ. ಮಿಶನ್ ಕೂಸಿನ ಹಾಗೆ ಮರದಿಂದ ತೂಗಾಡಿತು. ಖಾದರ್ ಸಾಬರು ಅದನ್ನು ನೋಡಿ ಗಡ್ಡ ಕೆರೆದುಕೊಂಡರು.

"ಯಾ ಅಲ್ಲಾ. ತೊಟ್ಟಿಲು ಕಟ್ಟಿಬಿಟ್ಳಲ್ಲೋ."

ಬೊಡ್ಡೆ ಒಮ್ಮೆಲೇ ಕುಸಿಯದಿರಲೆಂದು ಕೆಳಗೆ ಕಲ್ಲು ಪೇರಿಸಿದೆವು. ಮೊದಲು ಮೇಲಿನಿಂದ ಸ್ವಲ್ಪ ಕೊಯ್ದು ಬೆಣೆ ಹೊಡೆದದ್ದಾಗಿತ್ತು. ಈಗ ಕೆಳಗಿನಿಂದ. ಮಗ್ಗುಲಿಗೆ ನಿಂತು, ಹಿಂದಿನ ಹಿಡಿಕೆ ಹಿಡಿದು, ಮಿಶನ್ನಿನ ಮೂತಿಯನ್ನು ಮೇಲಕ್ಕೆ ಎತ್ತಿದೆ. ಭಾರವೆಲ್ಲ ಹಗ್ಗದ ಮೇಲಿತ್ತು, ಹಗ್ಗ ಮರದ ಮೇಲಿತ್ತು. ನನ್ನ ಕೈಗೆ ಉಳಿದದ್ದು ನೂಕುವ ಕೆಲಸ ಮಾತ್ರ. ಮಿಶನ್ ನನ್ನ ಕಡೆಗೇ ಒತ್ತುತ್ತಿತ್ತು, ಮೊಣಕಾಲು ಊರಿ ತಡೆದೆ. ಮರದ ಪುಡಿ ಮುಖದ ಮೇಲೆ ಸುರಿಯಿತು, ಕಣ್ಣು ಉರಿಯಿತು. ಮೇಲಿನ ಬಾಯಿಗೂ ಕೆಳಗಿನ ಬಾಯಿಗೂ ನಡುವೆ ನಾಲ್ಕು ಬೆರಳು ಉಳಿದಾಗ ಒಳಗಿನಿಂದ ಒಂದು ಸದ್ದು ಬಂತು, ಒಣ ಬಟ್ಟೆ ಹರಿದ ಹಾಗೆ. ಖಾದರ್ ಸಾಬರು "ಹಿಂದಕ್ಕೆ!" ಎಂದು ಕೂಗಿದರು. ಮಿಶನ್ ಆಫ್ ಮಾಡಿ, ಗಂಟು ಕಿತ್ತು, ಅದನ್ನು ಎದೆಗೆ ಅವಚಿಕೊಂಡು ಹಾರಿದೆ. ಬೊಡ್ಡೆ ಕಲ್ಲಿನ ಮೇಲೆ ಕೂತಿತು. ನೆಲ ಅದುರಿತು.

ಗಂಡಸರು ಎತ್ತುಗಳಿಗೆ ಸರಪಳಿ ಬಿಗಿದರು. ಇನ್ನೂ ಎರಡು ಕಡೆ ಕೊಯ್ಯಬೇಕಿತ್ತು, ಕೊಯ್ದೆ. ಕೊನೆಯ ತುಂಡು ದಂಡೆ ಹತ್ತುತ್ತಿದ್ದ ಹಾಗೆಯೇ ಮೇಲಿನ ತಿರುವಿನಲ್ಲಿ ನೀರು ಕಾಣಿಸಿತು. ಮೊದಲ ನೀರು ಹರಿದು ಬರುವುದಿಲ್ಲ, ನೆಕ್ಕುತ್ತ ಬರುತ್ತದೆ. ಒಣ ಎಲೆ, ನೊರೆ, ಕಡ್ಡಿ, ಇರುವೆ ಎಲ್ಲವನ್ನೂ ಮುಂದಕ್ಕೆ ನೂಕಿಕೊಂಡು, ನನ್ನ ಹೆಜ್ಜೆಗಳಿದ್ದ ಮಣ್ಣನ್ನು ಮುಚ್ಚಿಕೊಂಡು, ಎಲ್ಲೂ ನಿಲ್ಲದೆ ಕೆಳಗಿನ ಗದ್ದೆಗಳ ಕಡೆಗೆ ಹೋಯಿತು.

ಮಿಶನ್ ದಂಡೆಯ ಮೇಲಿತ್ತು. ಕೊನೆಯ ತುಂಡಿಗೆಂದು ಆಗಷ್ಟೇ ಪೆಟ್ರೋಲು ಎಣ್ಣೆ ಎರಡನ್ನೂ ತುಂಬಿದ್ದೆ. ಭಾವ ಬಂದು ಅದರ ಪಕ್ಕ ನಿಂತರು. ಆಡಿದ ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು. ಅದನ್ನು ಬಾಯಲ್ಲಿ ಹೇಳಲು ಆಗದೆ, ನನಗೊಂದು ಗೌರವ ತೋರಿಸಬೇಕೆಂದು, "ತತ್ತಾ, ಮನೇ ತನಕ ನಾನು ಹಿಡ್ಕಂತೀನಿ" ಎಂದು ಬಗ್ಗಿದರು. ಮಂಡಿಯ ತೂಕವೇ ಅವರ ತಲೆಯಲ್ಲಿತ್ತು. ಒಂದೇ ಕೈಯಲ್ಲಿ, ಚೊಂಬು ಎತ್ತುವ ಹಾಗೆ ಎತ್ತಿದರು. ಎತ್ತಿ, ವಾಲಿ, ಇನ್ನೊಂದು ಕೈ ಹಚ್ಚಿದರು. ನಾಲ್ಕಾರು ಹೆಜ್ಜೆ ನಡೆದು ಕೆಳಗಿಟ್ಟರು. ಉಸಿರು ಬಿಡುತ್ತ ನನ್ನನ್ನು ನೋಡಿದರು.

"ಇಷ್ಟು ಭಾರ ಐತೇನೇ ಇದು?"

ದಂಡೆಯ ಮೇಲೆ ಊರೇ ನಿಂತಿತ್ತು. ನಾನು ಸೆರಗು ಸರಿಮಾಡಿಕೊಂಡು ಹೇಳಿದೆ, "ಮಂಡೀಲಿ ಹಗುರ ಇತ್ರಿ, ಭಾವಾರೆ."

ಖಾದರ್ ಸಾಬರು ನಕ್ಕ ನಗು ಆಚೆ ದಂಡೆಗೂ ಕೇಳಿರಬೇಕು. ಭಾವನೂ ನಕ್ಕರು, ಚಳಿಗಾಲದ ನಂತರ ಅದೇ ಮೊದಲ ಸಲ. ನಾನು ಮಿಶನ್ನನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಮನೆಯ ಕಡೆಗೆ ನಡೆದೆ. ದಾರಿಯಲ್ಲಿ ನೀರು ತಿರುಗಿಸಲು ಗದ್ದೆ ಕೆಲಸಕ್ಕೆ ಹೊರಟ ಇಬ್ಬರು ನನಗೆ ಎದುರಾದರು. ನಾನು ಪಕ್ಕಕ್ಕೆ ಸರಿಯಲಿಲ್ಲ. ಅವರು ಸರಿದರು.

ಬಿಳಿಚೋಡಿಗೆ ಆ ವರ್ಷ ಹೋದೆ, ಹಬ್ಬಕ್ಕೆ. ಹೋಗಿ ಮರಳಿ ಬಂದೆ. ಆ ಮಿಶನ್ ಹಿಡಿದು ಎಂಬತ್ತರ ದಶಕ ಪೂರ್ತಿ ಕೊಯ್ದೆ. ಹೊನ್ನಾಳಿ, ನ್ಯಾಮತಿ, ಸೂಳೆಕೆರೆ ಸುತ್ತಿನ ಹಳ್ಳಿಗಳಲ್ಲಿ ಮರ ಬಿದ್ದರೆ "ಮಿಶನ್ ಗಿರಿಜಮ್ಮನ್ನ ಕರೀರಿ" ಎನ್ನುತ್ತಿದ್ದರು. ನಿಮ್ಮ ಅಮ್ಮ ಓದಿದ್ದು ಅದರಿಂದ, ನಿಮ್ಮ ಚಿಕ್ಕಮ್ಮನ ಮದುವೆ ಆದದ್ದು ಅದರಿಂದ. ಬೆರಳುಗಳು ಈಗಲೂ ಚಳಿಗೆ ಬೆಳ್ಳಗಾಗಿ ಮರಗಟ್ಟುತ್ತವೆ, ಅದೂ ಅದರಿಂದಲೇ. ನಾನು ದೂರುತ್ತಿಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತಿದ್ದೇನೆ ಅಷ್ಟೇ.

ಮಿಶನ್ ಇನ್ನೂ ಅಟ್ಟದ ಮೇಲೆ ಅದೇ ಗೋಣಿಚೀಲದಲ್ಲಿದೆ. ಚೇತು, ದಸರಾ ರಜೆಗೆ ಬಂದಾಗ ಅದನ್ನು ಇಳಿಸು. ಪಟ್ಟಿ ಸರಪಳಿ ನಾನು ಕೂಡಿಸಿಕೊಡುತ್ತೇನೆ, ಪೆಟ್ರೋಲು ಎಣ್ಣೆ ತುಂಬಿಕೊಡುತ್ತೇನೆ. ಅಂಗಳದಲ್ಲಿ ನಿಂತು, ತೋಳು ಚಾಚಿ ಹಿಡಿದುಕೊಂಡಿರು. ಪಲ್ಲವಿ, ಆಮೇಲೆ ನೀನೂ ಹಿಡಿ. ಕೆಳಗಿಳಿಸಬೇಡಿ. ನಾನು ಅಷ್ಟರಲ್ಲಿ ಬೀದಿ ಮೂಲೆಯ ನಲ್ಲಿಗೆ ಹೋಗಿ ಒಂದು ಕೊಡ ನೀರು ತರುತ್ತೇನೆ.